ಮಾತ್ರೆ ನುಂಗುವುದು ಮಗಳು, ವಿಷಯ ಗೊತ್ತಿದ್ದದ್ದು ಅಪ್ಪನಿಗೆ!

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಪಿಯುಸಿಯಲ್ಲಿದ್ದಾಗ ಫಿಟ್ಸ್ ಶುರುವಾಯಿತು. ಆಗಿನಿಂದ ಸೋಡಿಯಂ ವ್ಯಾಲ್ಪ್ರೊಯೇಟ್ ಮಾತ್ರೆ ತಗೊಳ್ತಿದ್ದೇನೆ. ಈಗ ಫಿಟ್ಸ್ ಬರುತ್ತಿಲ್ಲ. ಮುಂದಿನ ತಿಂಗಳು ಮದುವೆ. ನರ್ಸಿಂಗ್ ಓದುತ್ತಿರುವ ಅತ್ತೆ ಮಗಳು, ಈ ಮಾತ್ರೆಯಿಂದ ಹುಟ್ಟುವ ಮಗುವಿಗೆ ತೊಂದರೆ ಅಂದಳು. ಅಪ್ಪನನ್ನು ಕೇಳಿದರೆ, "ಡಾಕ್ಟರು ಆಗಲೇ ಹೇಳಿದ್ರು, ನೀನು ಹೆದರ್ತೀಯ ಅಂತ ಸುಮ್ನಿದ್ದೆ" ಅಂದರು. ಮಾತ್ರೆ ಬಿಟ್ಟುಬಿಡಲಾ? ನನಗೇ ಹೇಳಬೇಕಿತ್ತು ಅಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ. ಇವತ್ತು ರಾತ್ರಿಯ ಮಾತ್ರೆಯನ್ನೂ ತಪ್ಪಿಸಬೇಡಿ. ಇದನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತಾಗಬಹುದು. ಮೊದಲು ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಮದುವೆಯ ದಿನಾಂಕವನ್ನೂ ಹೇಳಿ.

ಎರಡನೆಯದಕ್ಕೆ, ಹೌದು, ನಿಮಗೇ ಹೇಳಬೇಕಿತ್ತು. ಪಿಯುಸಿಯಲ್ಲಿ ಅಪ್ಪನ ಒಪ್ಪಿಗೆ ಸರಿ. 18 ತುಂಬಿದ ಮೇಲೆ ಒಪ್ಪಿಗೆ ನಿಮ್ಮದು. ಆದರೆ ಆಗುವುದೇ ಬೇರೆ. ಚೀಟಿಯಲ್ಲಿ 'ಅದೇ ಮಾತ್ರೆ ಮುಂದುವರಿಸಿ' ಅಂತ ಗೀಚಿ ಕೊಡುತ್ತಾರೆ, ಅಪ್ಪ ಮೆಡಿಕಲ್ ಸ್ಟೋರಿಗೆ ಹೋಗಿ ತರುತ್ತಾರೆ, ಹುಡುಗಿ ನುಂಗುತ್ತಾಳೆ. ಆಪರೇಷನ್ನಿಗಾದರೆ ಸಹಿ ಹಾಕಿಸಿಕೊಳ್ಳುತ್ತಾರೆ. ಮಾತ್ರೆಗೆ ಯಾವ ಕಾಗದವೂ ಇಲ್ಲ, ಹಾಗಾಗಿ ಮಾತೂ ಇಲ್ಲ.

2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಪ್ರಾಣಾಪಾಯವಿಲ್ಲದಾಗ, ವಯಸ್ಸಿಗೆ ಬಂದ ರೋಗಿಯ ಬದಲು ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಎಂದಿತು ಕೋರ್ಟ್. ಚಿಕಿತ್ಸೆ ಏಕೆ, ಬೇರೆ ದಾರಿ ಏನು, ದೊಡ್ಡ ಅಪಾಯ ಯಾವುದು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ತಿಳಿಸಬೇಕು ಎಂದೂ ಹೇಳಿತು. ಅದು ಆಪರೇಷನ್ನಿನ ಕೇಸು ನಿಜ. ಆದರೆ ವರ್ಷಗಟ್ಟಲೆ ನುಂಗುವ ಮಾತ್ರೆಗೆ ಈ ಮಾತು ಯಾಕೆ ಬೇಡ?

ಈಗ ನಿಮಗೆ ಹೇಳದೆ ಉಳಿದದ್ದು. ಯಾವ ಮಾತ್ರೆಯೂ ಇಲ್ಲದ ತಾಯಂದಿರಲ್ಲೂ 100ಕ್ಕೆ 2-3 ಮಕ್ಕಳಿಗೆ ಹುಟ್ಟಿನಿಂದಲೇ ದೇಹದಲ್ಲಿ ದೋಷ ಇರುತ್ತದೆ. ಗರ್ಭಿಣಿ ವ್ಯಾಲ್ಪ್ರೊಯೇಟ್ ತಗೊಂಡರೆ ಅದು ಸುಮಾರು 10. ಮಾತು, ಕಲಿಕೆಯಲ್ಲಿ ಹಿಂದುಳಿಯುವುದು 30-40 ಮಕ್ಕಳಲ್ಲಿ ಕಂಡಿದೆ. ಡೋಸ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರದಲ್ಲೇ. ಮುಟ್ಟು ತಪ್ಪಿದೆ ಅಂತ ಗೊತ್ತಾಗಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಫೋಲಿಕ್ ಆಸಿಡ್ ಕೊಡುತ್ತಾರೆ, ತಗೊಳ್ಳಿ. ಆದರೆ ಅದೊಂದರಿಂದ ಈ ಅಪಾಯ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 2018ರಿಂದ ಇದೇ ಮಾತ್ರೆಗೆ ಪ್ರತಿವರ್ಷ ರೋಗಿಯನ್ನು ಕೂರಿಸಿಕೊಂಡು ವಿವರಿಸಿ ಸಹಿ ಪಡೆಯುವ ಪದ್ಧತಿಯಿದೆ.

ನಿಮಗೆ ಇದನ್ನೇ ಯಾಕೆ ಕೊಟ್ಟರು ಅಂತ ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಕೈ ಝಾಡಿಸಿದಂತಾಗಿ ಕಾಫಿ ಲೋಟ ಬೀಳುತ್ತಿತ್ತಾ? ಆ ಬಗೆಯ ಫಿಟ್ಸ್‌ಗೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರು ಸುಮ್ಸುಮ್ನೆ ಬರೆದಿರಲಿಕ್ಕಿಲ್ಲ. ಫಿಟ್ಸ್‌ಗೆ ಕೊಡುವ ಬೇರೆ ಮಾತ್ರೆಗಳಾದ ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್ ಮಗುವಿನ ಮಟ್ಟಿಗೆ ಎಷ್ಟೋ ವಾಸಿ, ಆದರೆ ಅವು ನಿಮ್ಮ ಫಿಟ್ಸ್ ಅನ್ನು ಹಿಡಿದಿಡುತ್ತವೆಯೇ ಎಂಬುದನ್ನು ತಜ್ಞರೇ ನೋಡಬೇಕು. ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ, ಬೈಯಬೇಡಿ. ಆದರೆ ಡಾಕ್ಟರ ಎದುರಿನ ಕುರ್ಚಿಯಲ್ಲಿ ನೀವೇ ಕೂತ್ಕೊಳ್ಳಿ. ಮದುವೆಯಾಗುವ ಹುಡುಗನಿಗೆ ಹೇಳಿದ್ದೀರೋ ಇಲ್ಲವೋ ಬರೆದಿಲ್ಲ. ಹೇಳಿದ್ದರೆ ಅವರೂ ಬರಲಿ.

ಮಾತ್ರೆ ಬದಲಿಸುವುದಾದರೆ ನಿಧಾನವಾಗಿ, ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಯಾವ ವಿಧಾನ ಅಂತ ಅವತ್ತೇ ಕೇಳಿಕೊಳ್ಳಿ, ಯಾಕೆಂದರೆ ಕೆಲವು ಗರ್ಭನಿರೋಧಕ ಗುಳಿಗೆಗಳು ಲ್ಯಾಮೊಟ್ರಿಜಿನ್‌ನ ಬಲ ಕುಗ್ಗಿಸುತ್ತವೆ.