ಮೊದಲು ಲೆಕ್ಕದ ಪುಸ್ತಕ ಕೇಳಿ

ಓದುಗರ ಪತ್ರ: ನಾಟಕ ನಿರ್ಮಾಣದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಈಗ ಸ್ವತಂತ್ರ ಸಂಶೋಧನೆ ಶುರುಮಾಡಬೇಕು. ‘ಕೋವಿಡ್ ನಂತರ ಪ್ರೇಕ್ಷಕರು ರಂಗಮಂದಿರಕ್ಕೆ ಏಕೆ ಮರಳುತ್ತಿಲ್ಲ’ ಎಂಬ ವಿಷಯ ಕೊಟ್ಟೆ. ತೀರಾ ದೊಡ್ಡದಾಯಿತು ಎಂದು ಮಾರ್ಗದರ್ಶಕರು ವಾಪಸ್ ಕಳಿಸಿದರು. ನಿರ್ದೇಶನ ಓದುವವರ ಕೈಯಲ್ಲಿ ನಾಟಕವಿರುತ್ತದೆ. ನಿರ್ಮಾಪಕರಾಗುವ ನಾವು ಏನನ್ನಿಟ್ಟುಕೊಂಡು ಸಂಶೋಧನೆ ಮಾಡುವುದು? ನಾನೇ ಒಂದು ನಾಟಕ ನಿರ್ಮಿಸಿ ಅದನ್ನೇ ಸಂಶೋಧನೆ ಎನ್ನಬಹುದೇ?

ಸಂಪಾದಕರ ಉತ್ತರ: ನಾನೂ ನಿಮ್ಮ ಮಾರ್ಗದರ್ಶಕರ ಪಕ್ಷವೇ, ಆದರೆ ಕಾರಣ ಬೇರೆ. ನಿಮ್ಮ ಪ್ರಶ್ನೆಯೊಳಗೆ ಉತ್ತರವೂ ಬಂದು ಕೂತುಬಿಟ್ಟಿದೆ. ಮರಳುತ್ತಿಲ್ಲ ಅಂತ ಹೇಳಿದವರು ಯಾರು? ಯಾವ ರಂಗಮಂದಿರಕ್ಕೆ, ಎಂಥ ನಾಟಕಕ್ಕೆ, ವಾರದ ಯಾವ ದಿನ?

ಸುಮ್ಮನೆ ಒಂದು ಲೆಕ್ಕ ಹಾಕೋಣ. 300 ಸೀಟಿನ ರಂಗಮಂದಿರ. ಒಂದು ಪ್ರದರ್ಶನದ ಖರ್ಚು ಹುಟ್ಟಬೇಕಾದರೆ ಪೂರ್ಣ ದರದ 180 ಟಿಕೆಟ್ ಹೋಗಬೇಕು. ಶುಕ್ರವಾರ 250 ಜನ ಬಂದರು. ವೇದಿಕೆಯಿಂದ ನೋಡಿದವರಿಗೆ ಹೌಸ್‌ಫುಲ್ಲೇ. ಆದರೆ ಅವರಲ್ಲಿ 90 ಮಂದಿ ಉಚಿತ ಪಾಸಿನವರು. ಉಳಿದ 160ರಲ್ಲಿ 60 ಅರ್ಧ ದರದ ಟಿಕೆಟ್. ಅಂದರೆ ಗಲ್ಲಾಪೆಟ್ಟಿಗೆಗೆ ಬಿದ್ದದ್ದು 130 ಟಿಕೆಟ್‌ಗಳ ಹಣ. ನಟರು ಖುಷಿಯಾಗಿ ಮನೆಗೆ ಹೋದರು, ನಿರ್ಮಾಪಕ ಸಾಲ ಮಾಡಿದ. ‘ಜನ ಬಂದರೇ?’ ಅಂತ ಕೇಳಿದರೆ ಇದ್ಯಾವುದೂ ಹೊರಬರುವುದಿಲ್ಲ. ಆ ರಾತ್ರಿಯ ಟಿಕೆಟ್ ವರದಿ ತೆರೆದರೆ ಎಲ್ಲವೂ ಇದೆ.

ಹಾಗಾಗಿ ಪ್ರಶ್ನೆಯನ್ನು ಕಾಗದಪತ್ರ ಸಿಗುವ ಮಟ್ಟಕ್ಕೆ ಇಳಿಸಿ. ಉದಾಹರಣೆಗೆ: ಒಂದೇ ತಂಡದ ಟಿಕೆಟ್‌ಗಳು ಪ್ರದರ್ಶನಕ್ಕೆ ಎಷ್ಟು ದಿನ ಮುಂಚೆ ಮಾರಾಟವಾಗುತ್ತಿವೆ, 2019ರಲ್ಲಿ ಹೇಗಿತ್ತು? ಚಿಕ್ಕದಾಗಿ ಕಂಡರೂ ನಿರ್ಮಾಪಕರ ನಿದ್ದೆ ಕೆಡಿಸುವ ಪ್ರಶ್ನೆ ಇದು. ಒಟ್ಟು ಮಾರಾಟ ಅಷ್ಟೇ ಇದ್ದು ಎಲ್ಲರೂ ಕೊನೆಯ ಎರಡು ದಿನದಲ್ಲಿ ಕೊಂಡರೆ, ಪ್ರಚಾರಕ್ಕೂ ತಾಲೀಮಿಗೂ ಕೈಯಲ್ಲಿ ಕಾಸಿರುವುದಿಲ್ಲ. ಅರ್ಧ ಸೀಟು ಖಾಲಿ ಕಂಡು ಹೆದರಿ ದರ ಇಳಿಸಿದವರೂ ಇರುತ್ತಾರೆ.

ನಮಗೆ ನಾಟಕವಿಲ್ಲ ಎನ್ನುವ ನಿಮ್ಮ ಬೇಸರಕ್ಕೆ ಫಿಲಿಪ್ ಹೆನ್ಸ್ಲೋನನ್ನು ನೆನಪಿಸುತ್ತೇನೆ. ಲಂಡನ್ನಿನ ರೋಸ್ ರಂಗಮಂದಿರದ ಮಾಲೀಕ. 1592ರಿಂದ ನಾಟಕದ ವರಮಾನ, ಸಾಲ, ಉಡುಪಿನ ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಗೀಚಿಟ್ಟ. 1603ರಲ್ಲಿ ಥಾಮಸ್ ಹೇವುಡ್ ಬರೆದ ನಾಟಕವೊಂದಕ್ಕೆ ಕೊಟ್ಟದ್ದು 6 ಪೌಂಡ್; ಅದೇ ನಾಟಕಕ್ಕೆ ಬೇಕಾದ ಕಪ್ಪು ವೆಲ್ವೆಟ್ ಗೌನಿಗೆ 6 ಪೌಂಡ್ 13 ಶಿಲಿಂಗ್. ಬರೆದವನಿಗಿಂತ ಬಟ್ಟೆಗೆ ಹೆಚ್ಚು! ಆ ಕಾಲದ ರಂಗಭೂಮಿ ಯಾವುದಕ್ಕೆ ಬೆಲೆ ಕಟ್ಟುತ್ತಿತ್ತು ಎಂಬುದು ಈ ಎರಡು ಸಾಲಿನಲ್ಲಿದೆ. ವಿದ್ವಾಂಸರು ಇವತ್ತಿಗೂ ಆ ಪುಸ್ತಕವನ್ನು ಬಿಟ್ಟಿಲ್ಲ. ನಿಮ್ಮ ಪಠ್ಯವೂ ಅಂಥದ್ದೇ.

ಲೆಕ್ಕ ಯಾರು ಕೊಡುತ್ತಾರೆ ಅಂತೀರಾ? ನಡೆಯುತ್ತಿರುವ ನಾಟಕದ್ದು ಕೊಡುವುದಿಲ್ಲ, ಮುಗಿದು ಒಂದೆರಡು ವರ್ಷವಾದದ್ದನ್ನು ಕೇಳಿ. ಹೆಸರು ಮರೆಮಾಚುವುದಾಗಿ ಬರೆದುಕೊಡಿ. ನೀವು ಇಂಟರ್ನ್ ಆಗಿರುವ ಕಡೆ ಮೇಜಿನ ಮೇಲೆ ಕಂಡ ಕಡತವನ್ನು ಮಾತ್ರ ಮುಟ್ಟಬೇಡಿ. ಕೆಲಸಕ್ಕೆಂದು ತೋರಿಸಿದ್ದು ಸಂಶೋಧನೆಗೆ ಕೊಟ್ಟಂತಲ್ಲ, ಅದಕ್ಕೆ ಬೇರೆಯೇ ಲಿಖಿತ ಒಪ್ಪಿಗೆ ಬೇಕು. ಸಂದರ್ಶನ ಮಾಡುವುದಿದ್ದರೆ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ನಿಮ್ಮ ಸಂಸ್ಥೆಯ ಸಮಿತಿಗೆ ಈಗಲೇ ಅರ್ಜಿ ಹಾಕಿ. ಸೋತ ನಾಟಕದವರನ್ನೂ ಹುಡುಕಿ ಹೋಗಿ. ಗೆದ್ದವರು ಕೂರಿಸಿಕೊಂಡು ಕಥೆ ಹೇಳುತ್ತಾರೆ, ಆ ಕಥೆಯಲ್ಲಿ ಅದೃಷ್ಟಕ್ಕೆ ಜಾಗ ಕಡಿಮೆ.

ಇನ್ನು ನೀವೇ ನಾಟಕ ನಿರ್ಮಿಸುವ ವಿಚಾರ. ಧಾರಾಳವಾಗಿ ಮಾಡಿ, ಆದರೆ ನಾಟಕ ಚೆನ್ನಾಗಿ ಆಯಿತು ಎನ್ನುವುದು ಸಂಶೋಧನೆಯಲ್ಲ. ತಾಲೀಮು ಶುರುವಾಗುವ ಮೊದಲೇ ಅಂದಾಜು ಬಜೆಟ್ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಮಾರ್ಗದರ್ಶಕರಿಗೆ ಕೊಟ್ಟುಬಿಡಿ. ಆಮೇಲೆ ಅದನ್ನು ತಿದ್ದುವ ಆಸೆ ಬಂದರೂ ತಿದ್ದಲಾಗದು. ಎಲ್ಲೆಲ್ಲಿ ಅಂದಾಜು ತಪ್ಪಿತೋ ಅಲ್ಲಲ್ಲೇ ಯಾಕೆ, ಯಾರ ನಿರ್ಧಾರದಿಂದ ಎಂದು ಆಯಾ ವಾರವೇ ಬರೆದಿಡಿ. ಪ್ರಬಂಧದ ಮುಖ್ಯ ಅಧ್ಯಾಯ ಆ ಟಿಪ್ಪಣಿಗಳಿಂದಲೇ ಬರುತ್ತದೆ.