ಕಾರವಾರದ ಕಡೆಯಿಂದ ಬಟ್ಟೆ ವಿನ್ಯಾಸಕ್ಕೆ ಸ್ಫೂರ್ತಿ ಎಲ್ಲಿ ಹುಡುಕೋದು? ಯಕ್ಷಗಾನ, ದೋಣಿ ಬಿಟ್ಟು ಬೇರೇನೂ ಇಲ್ವಾ?

ನಿಮ್ಮ ಊರು ಕಾರವಾರ, ಬೆಂಗಳೂರಿನಲ್ಲಿ ಟೆಕ್ಸ್‌ಟೈಲ್ ಡಿಸೈನ್ ಓದುತ್ತಿದ್ದೀರಿ. ಊರಿನಿಂದ ಸ್ಫೂರ್ತಿ ಪಡೆದು ಉಡುವ ಬಟ್ಟೆ ಒಂದು, ಮನೆಯೊಳಗೆ ಬಳಸುವ ಬಟ್ಟೆ ಒಂದು ಮಾಡಿ ತನ್ನಿ ಅಂತ ಕಾಲೇಜಿನಲ್ಲಿ ಹೇಳಿದ್ದಾರೆ. ಎಷ್ಟು ಹುಡುಕಿದರೂ ಕಿರೀಟ, ದೋಣಿ, ತೆಂಗಿನಮರ ಇಷ್ಟೇ ಕಾಣುತ್ತಿದೆ, ಹೊಸದೇನಿದೆ ಅಂತ ಕೇಳಿದ್ದೀರಿ.

ನಾನು ಶಿರಸಿಯವಳು. ಪರದೆ, ದಿಂಬಿನ ಕವರ್, ಸೋಫಾ ಬಟ್ಟೆ ಹೊಲಿಸಿಕೊಡುವ ಸಣ್ಣ ಕೆಲಸ ನನ್ನದು. ಜೊತೆಗೆ ಬಟ್ಟೆಗೆ ಬಣ್ಣ ಹಾಕುವ ಹುಚ್ಚೂ ಇದೆ. ಘಟ್ಟದ ಮೇಲಿನ ಮನೆಗಳಿಗೂ ಮಾಡಿಕೊಡುತ್ತೇನೆ, ಕರಾವಳಿಯ ಹೋಮ್‌ಸ್ಟೇಗಳಿಗೂ ಮಾಡಿಕೊಡುತ್ತೇನೆ. ಹಾಗಾಗಿ ಕಿರೀಟದ ಕಾಟ ನನಗೆ ಚೆನ್ನಾಗಿ ಗೊತ್ತು. ಕೆಲವು ಹೋಮ್‌ಸ್ಟೇಗಳಲ್ಲಿ ಬಚ್ಚಲುಮನೆ ಬಾಗಿಲ ಮೇಲೂ ಯಕ್ಷಗಾನದ ಮುಖ ಇರುತ್ತದೆ. ಪಾಪ, ಭೀಮನೋ ಕೌರವನೋ, ಟವೆಲ್ ಕಾಯುತ್ತಾ ನಿಂತಿರುತ್ತಾನೆ.

ನನ್ನ ಸಲಹೆ ಇಷ್ಟು. ಸ್ವಲ್ಪ ದಿನ ಚಿತ್ರ ಹುಡುಕುವುದನ್ನು ಬಿಡಿ. ನಮ್ಮ ಕಡೆ ಒಂದು ವಸ್ತುವನ್ನು ಹೇಗೆ ಮಾಡುತ್ತಾರೆ, ಅದು ಮಳೆಗೆ, ಉಪ್ಪುಗಾಳಿಗೆ ಹೇಗೆ ತಡೆಯುತ್ತದೆ ಅಂತ ನೋಡಿ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಿ ಸೂರತ್ತಿನಲ್ಲಿ ಪ್ರಿಂಟ್ ಹಾಕಿಸಬಹುದು. ಮಾಡುವ ಬಗೆ ಹಾಗಲ್ಲ. ಅದನ್ನು ಅರ್ಥ ಮಾಡಿಕೊಂಡು ಬಟ್ಟೆಗೆ ತರಬೇಕಾದರೆ ನೀವೇ ಕೂತು ತಲೆ ಕೆಡಿಸಿಕೊಳ್ಳಬೇಕು. ಹೊಸದು ಹುಟ್ಟೋದು ಆಗಲೇ.

ಮೊದಲು ಕಾವಿ ಕಲೆ. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಬಂದರೆ ಗೋಡೆ ನೋಡಿ. ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಕೆಂಪು ಬಣ್ಣದಲ್ಲಿ ಚಿತ್ರ ಬರೆದಿದ್ದಾರೆ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಬರೆದದ್ದಲ್ಲ, ಕೆರೆದದ್ದು. ಗೋಡೆಗೆ ನುಣುಪಾದ ಸುಣ್ಣದ ಗಾರೆ ಮಾಡಿ, ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳು ಪದರ ಬಳಿಯುತ್ತಿದ್ದರು. ಅದು ಹಸಿಯಾಗಿರುವಾಗಲೇ ಚೂಪಾದ ಮೊನೆಯಿಂದ ಬೇಡದ ಕೆಂಪನ್ನು ಕೆರೆದು ತೆಗೆಯುತ್ತಿದ್ದರು. ಅಡಿಯ ಬಿಳಿ ಸುಣ್ಣ ಕಾಣುತ್ತಿತ್ತು. ಉಳಿದ ಕೆಂಪೇ ಚಿತ್ರ. ಅಂಚಿನ ಹೂಗಳಿಗೆ, ಚಕ್ರಗಳಿಗೆ ಕೈವಾರ ಇಟ್ಟಿದ್ದಾರೆ. ಗಾರೆ ಒಣಗುವುದರೊಳಗೆ ಕೆಲಸ ಮುಗಿಯಬೇಕು, ತಪ್ಪಿದರೆ ಅಳಿಸಲು ದಾರಿಯಿಲ್ಲ. ಗೋವಾದಿಂದ ನಮ್ಮ ಕರಾವಳಿಯವರೆಗೆ ಹಳೆ ದೇವಸ್ಥಾನಗಳಲ್ಲಿ ಇದು ಇತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್, ಆಯಿಲ್ ಪೇಂಟ್ ಬಂದು ಎಷ್ಟೋ ಕಡೆ ಹೋಗಿಬಿಟ್ಟಿದೆ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಇದರ ಬಗ್ಗೆ ಬರೆದಿಟ್ಟರು. ಇಲ್ಲದಿದ್ದರೆ ನಮ್ಮ ತಲೆಮಾರಿಗೆ ಹೆಸರೂ ಗೊತ್ತಿರುತ್ತಿರಲಿಲ್ಲವೇನೋ.

ಈಗ ಇದನ್ನು ಬಟ್ಟೆಗೆ ತರುವುದು ಹೇಗೆ? ಫೋಟೋ ತೆಗೆದು ಕುಶನ್ ಮೇಲೆ ಅಚ್ಚು ಹಾಕಿಸುವುದು ಸುಲಭ, ಮಾಡಿದವರೂ ಇದ್ದಾರೆ. ನೋಡಲು ಪರವಾಗಿಲ್ಲ ಅನ್ನಬಹುದು, ಅಷ್ಟೇ. ಆದರೆ ಕಾವಿಯ ಒಳಗಿನ ಯೋಚನೆ ತೆಗೆದುಕೊಳ್ಳಿ: ಪೂರ್ತಿ ಬಣ್ಣ ಹಾಕು, ಆಮೇಲೆ ಬೇಕಾದಲ್ಲಿ ತೆಗೆ. ಬಟ್ಟೆಯ ಲೋಕದಲ್ಲಿ ಇದಕ್ಕೆ ಡಿಸ್ಚಾರ್ಜ್ ಅನ್ನುತ್ತಾರೆ, ನಿಮ್ಮ ಕ್ಲಾಸಿನಲ್ಲಿ ಬಂದಿರುತ್ತದೆ. ಇಂಗ್ಲೆಂಡಿನ ವಿಲಿಯಂ ಮಾರಿಸ್ 1883ರಲ್ಲಿ ಮಾಡಿದ 'ಸ್ಟ್ರಾಬೆರಿ ಥೀಫ್' ವಿನ್ಯಾಸ ನೋಡಿದ್ದೀರಲ್ಲ? ತನ್ನ ಹಿತ್ತಲಿನ ಸ್ಟ್ರಾಬೆರಿ ಕದಿಯುತ್ತಿದ್ದ ಹಕ್ಕಿಗಳನ್ನೇ ಅವನು ಬಟ್ಟೆಗೆ ತಂದ. ಎಲ್ಲರೂ ಆ ಹಕ್ಕಿಯ ಕತೆ ಹೇಳುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ಅವನು ಬಟ್ಟೆಯನ್ನು ಪೂರ್ತಿ ನೀಲಿಯಲ್ಲಿ ಅದ್ದಿ, ಬೇಡದ ಕಡೆ ನೀಲಿಯನ್ನು ತೆಗೆಸಿ, ಆ ಜಾಗದಲ್ಲಿ ಬೇರೆ ಬಣ್ಣ ತುಂಬಿಸಿದ. ದುಬಾರಿ ಕೆಲಸ, ನಿಧಾನದ ಕೆಲಸ. ಮಾರಿಕಾಂಬಾ ಗೋಡೆಯ ಲೆಕ್ಕಾಚಾರವೂ ಅದೇ ಅಲ್ವಾ?

ನಮ್ಮಲ್ಲಿ ಅದ್ದಲು ನೀಲಿಯೇ ಬೇಕೆಂದಿಲ್ಲ. ಚೊಗರು ಇದೆ. ನೀವು ಕರಾವಳಿಯವರು, ನೋಡಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಕೆಂಪಡಿಕೆ ಮಾಡಲು ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಆ ನೀರು ಮತ್ತೆ ಮತ್ತೆ ಕುದ್ದು ಮಂದವಾಗಿ ಕಡುಕೆಂಪಾಗುತ್ತದೆ. ಅದೇ ಚೊಗರು. ಅದರ ತುಂಬ ಟ್ಯಾನಿನ್, ಅಂದರೆ ಬಾಯಿಗಿಟ್ಟರೆ ಒಗರು ಕೊಡುವ ಅಂಶ. ಬಟ್ಟೆಗೆ ಇದನ್ನು ಹಾಕುವುದು ನನ್ನ ಕಂಡುಹಿಡಿತ ಅಲ್ಲ. ಪಕ್ಕದ ಸಾಗರ ತಾಲ್ಲೂಕಿನಲ್ಲಿ, ರಂಗಕರ್ಮಿ ಪ್ರಸನ್ನ 1996ರಲ್ಲಿ ಶುರುಮಾಡಿದ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಚೊಗರು ಬಳಸುತ್ತಾ ಬಂದಿದ್ದಾರೆ. ಹೋಗಿ ನೋಡಿ.

ಮಾಡುವ ಕ್ರಮ ಹೀಗೆ. ಹೊಸ ಹತ್ತಿ ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಕುದಿಸಿ, ಗಂಜಿ ಮತ್ತು ಎಣ್ಣೆ ಅಂಶ ಹೋಗಲಿ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಆಮೇಲೆ ಚೊಗರಿನಲ್ಲಿ ಅದ್ದಿ ಒಣಗಿಸಿ. ಕಂದು ಬರುತ್ತದೆ. ಆ ಕಂದು ಬಟ್ಟೆಯನ್ನು ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು (ಫೆರಸ್ ಸಲ್ಫೇಟ್), ಕರಗಿಸಿದ ನೀರಿನಲ್ಲಿ ಅದ್ದಿದರೆ ಕಣ್ಣೆದುರೇ ಬೂದು, ಕಪ್ಪು ಆಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು, ಹಳೆ ಕಾಲದ ಮಸಿ ಮಾಡುತ್ತಿದ್ದದ್ದೂ ಹೀಗೇ. ಅನ್ನಭೇದಿ ಕಡಿಮೆ ಹಾಕಿ. ಜಾಸ್ತಿಯಾದರೆ ಹತ್ತಿ ನೂಲು ದಿನ ಕಳೆದಂತೆ ಜೀರ್ಣವಾಗಿ ಹರಿಯುತ್ತದೆ. ಈಗ ಅಂಟಿನಲ್ಲಿ ಸಿಟ್ರಿಕ್ ಆಸಿಡ್ ಪುಡಿ ಕಲಸಿ, ಅಚ್ಚಿನಿಂದಲೋ ಬ್ರಶ್ಶಿನಿಂದಲೋ ಆ ಕಪ್ಪಿನ ಮೇಲೆ ಬರೆಯಿರಿ. ಹುಳಿ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಬರೆದ ಕಡೆಯೆಲ್ಲ ಕಪ್ಪು ಹೋಗಿ ಅಡಿಯ ಕಂದು ಬಣ್ಣ ಮೇಲೆ ಬರುತ್ತದೆ. ಕೂಡಲೇ ಹಲವು ನೀರಿನಲ್ಲಿ ಜಾಲಿಸಿ, ಹುಳಿ ಬಟ್ಟೆಯಲ್ಲಿ ಉಳಿಯಬಾರದು. ಕೆರೆದು ಮಾಡಿದ ಗೋಡೆಯ ಹಾಗೆಯೇ ಇಲ್ಲೂ ಗೆರೆಯ ಅಂಚು ಸ್ವಲ್ಪ ಅಂಕುಡೊಂಕಾಗಿ ಬರುತ್ತದೆ. ಅದನ್ನು ಸರಿ ಮಾಡಲು ಹೋಗಬೇಡಿ, ಚಂದ ಇರುವುದೇ ಅಲ್ಲಿ.

ಇನ್ನು ನಿಮ್ಮ ಕಾರವಾರ. ದೋಣಿ ಚಿತ್ರ ಬೇಡ ಅಂದೆ. ಆದರೆ ಬೈತಖೋಲ ಬಂದರಿಗೆ ಹೋಗಿ ತುಕ್ಕು ಹಿಡಿದ ಸರಪಳಿ, ಲಂಗರು, ಕೊಂಡಿಗಳನ್ನು ನೋಡಿ. ಚೊಗರಿನ ಬಟ್ಟೆಯನ್ನು ಒದ್ದೆ ಮಾಡಿ ಅಂಥ ಕಬ್ಬಿಣಕ್ಕೆ ಸುತ್ತಿ ಕಟ್ಟಿ ಒಂದು ರಾತ್ರಿ ಬಿಟ್ಟರೆ, ತುಕ್ಕು ತಾಗಿದಲ್ಲೆಲ್ಲ ಕಪ್ಪು ಅಚ್ಚು ಮೂಡುತ್ತದೆ. ಸರಪಳಿಯ ಒಂದೊಂದು ಕೊಂಡಿಯೂ ಕಾಣುತ್ತದೆ. ಯಾವ ಬ್ಲಾಕ್ ಕೆತ್ತುವವನೂ ಬೇಡ. ದೋಣಿಯವರನ್ನು ಕೇಳದೆ ಮುಟ್ಟಬೇಡಿ, ಅಷ್ಟೇ. ಬೇಡದ ತುಂಡು ಸರಪಳಿ ಕೇಳಿದರೆ ಕೊಡುತ್ತಾರೆ.

ಇದರಲ್ಲಿ ಇನ್ನೊಂದು ಎಳೆ ಇದೆ. ನೈಲಾನ್ ಬರುವ ಮೊದಲು ಮೀನಿನ ಬಲೆಗಳು ಹತ್ತಿಯವು, ಸೆಣಬಿನವು. ಅವು ಕೊಳೆಯಬಾರದು ಅಂತ ಮರದ ತೊಗಟೆಯಂಥ ಒಗರು ವಸ್ತುಗಳನ್ನು ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಕಡಲಲ್ಲಿ ಬಲೆಗೆ ಹಾಕಿದ್ದೂ ಟ್ಯಾನಿನ್, ಘಟ್ಟದ ಮೇಲೆ ಅಡಿಕೆಯಿಂದ ಇಳಿಯುವುದೂ ಟ್ಯಾನಿನ್. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ರಂಪಣಿ ಬಲೆ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆದ ಅಜ್ಜ ಯಾರಾದರೂ ಇದ್ದರೆ ಕೂತು ಮಾತಾಡಿಸಿ. ನಿಮ್ಮ ಪ್ರಾಜೆಕ್ಟಿನ ಬೆನ್ನೆಲುಬು ಅಲ್ಲೇ ಸಿಕ್ಕೀತು.

ಮುರುಗಲು ಹಣ್ಣಿನ ಕೆಂಪು ನೋಡಿ ಎಲ್ಲರಿಗೂ ಆಸೆಯಾಗುತ್ತದೆ. ಬಟ್ಟೆಯ ಮೇಲೆ ಅದು ಬಿಸಿಲಿಗೆ ನಿಲ್ಲುವುದಿಲ್ಲ. ಅರಿಶಿನವೂ ಹಾಗೇ. ಶರಬತ್ತಿಗೆ, ಸಾರಿಗೆ ಇರಲಿ ಬಿಡಿ.

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕವಂದಿ ಬಗ್ಗೆ ಹೇಳದೇ ಇದ್ದರೆ ತಪ್ಪಾಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಹಳೆ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ದಪ್ಪ ಹೊದಿಕೆ ಅದು. ಅಮೆರಿಕದಲ್ಲೂ ಪ್ರದರ್ಶನ ಕಂಡಿದೆ. ಸಾಮಾನ್ಯವಾಗಿ ತುಂಡು ಜೋಡಿಸುವವರು ಮೊದಲು ಮೇಲಿನ ಪದರ ಪೂರ್ತಿ ಮಾಡಿ ಆಮೇಲೆ ಹೊಲಿಯುತ್ತಾರೆ. ಇವರು ಒಂದು ಮೂಲೆಯಿಂದ ಶುರುಮಾಡಿ, ಅಂಚು ಹಿಡಿದು ಸುತ್ತು ಹಾಕುತ್ತಾ ಒಳಕ್ಕೆ ಬರುತ್ತಾರೆ. ತುಂಡು ಇಡುವುದೂ ಹೊಲಿಯುವುದೂ ಒಟ್ಟಿಗೇ. ಒಳಗೆ ಹತ್ತಿ ತುಂಬುವುದಿಲ್ಲ, ಬಟ್ಟೆ ಪದರಗಳೇ ದಪ್ಪ ಕೊಡುತ್ತವೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ತುಂಡುಗಳನ್ನು ಹೂವಿನ ಹಾಗೆ ಇಡುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ. ಕಾಗದದ ಮೇಲೆ ಯಾವ ನಕ್ಷೆಯೂ ಇರುವುದಿಲ್ಲ. ನೀವು ಕಲಿಯಬೇಕಾದದ್ದು ಈ ಕ್ರಮ: ಅಂಚಿನಿಂದ ಒಳಕ್ಕೆ, ಕೈಗೆ ಸಿಕ್ಕ ತುಂಡು ನೋಡಿ ಮುಂದಿನ ನಿರ್ಧಾರ. ಒಂದು ಜಾಕೆಟ್ಟನ್ನು ಹೀಗೆ ಕಟ್ಟಿದರೆ ಹೇಗಿರುತ್ತದೆ ಅಂತ ನೋಡಿ. ಆದರೆ ಕವಂದಿಯನ್ನೇ ನಕಲು ಮಾಡಿ 'ಸಿದ್ದಿ ಸ್ಟೈಲ್' ಅಂತ ಲೇಬಲ್ ಹಾಕಬೇಡಿ. ಕವಂದಿ ಬೇಕಾದರೆ ಅವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಮಾತು. ಅದೀಗ ಮಗ್ಗು, ಕೀಚೈನ್‌ಗಳ ಮೇಲೆಲ್ಲ ಬಂದಿದೆ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮೇಲೆ ಉದ್ದಕ್ಕೆ ಗೆರೆ ಎಳೆಯುವವರನ್ನು ಒಮ್ಮೆ ನೋಡಿ, ಆಮೇಲೆ ಕಂಪ್ಯೂಟರ್ ಮುಟ್ಟಿ. ಯಕ್ಷಗಾನ ಬಿಡಲು ಮನಸ್ಸಿಲ್ಲದಿದ್ದರೆ ಕಿರೀಟ ಬಿಟ್ಟು ವೇಷಧಾರಿಗಳು ಉಡುವ ಕಸೆ ಸೀರೆಯ ದೊಡ್ಡ ಚೌಕಳಿ ನೋಡಿ. ಒಂದು ಎಚ್ಚರಿಕೆ: ದೊಡ್ಡ ಚೌಕಳಿಯನ್ನು ಸಣ್ಣ ಕುರ್ಚಿಗೆ ಹಾಕಿದರೆ ಹೊಲಿಗೆಯಲ್ಲಿ ಗೆರೆ ಕೂಡಿಸಲು ತುಂಬ ಬಟ್ಟೆ ಹಾಳು.

ಈಗ ಮನೆಯೊಳಗಿನ ಬಟ್ಟೆ. ಇಲ್ಲಿ ನಿಮ್ಮ ನಿಜವಾದ ಗುರು ಮಳೆಗಾಲ. ಸಮುದ್ರದ ಎದುರಿನ ಮನೆಯವರೊಬ್ಬರು ಪತ್ರಿಕೆಯಲ್ಲಿ ನೋಡಿ ವೆಲ್ವೆಟ್ ಪರದೆಯೇ ಬೇಕು ಅಂದರು. ಬೇಡ ಅಂದರೂ ಕೇಳಲಿಲ್ಲ. ಶ್ರಾವಣದ ಹೊತ್ತಿಗೆ ಮಡಿಕೆಗಳ ಒಳಗೆಲ್ಲ ಬೂಷ್ಟು ಹಿಡಿದು, ಕೋಣೆಗೆ ಕಾಲಿಟ್ಟರೆ ವಾಸನೆ. ನಮ್ಮ ಕಡೆಗೆ ತೆಳ್ಳಗಿನ ಹತ್ತಿ, ಅಸ್ತರ್ ಇಲ್ಲದ ಪರದೆ, ಬೇಗ ಬಿಚ್ಚಿ ಒಗೆದು ಒಲೆಯ ಮೇಲಿನ ಬಿಸಿಗೂ ಒಣಗುವಂಥದ್ದು ಬೇಕು. ಕುಶನ್ ಕವರ್‌ಗೆ ಪ್ಲಾಸ್ಟಿಕ್ ಜಿಪ್ ಅಥವಾ ಗುಂಡಿ ಹಾಕಿ. ಪರದೆ ಬಳೆ ಕಬ್ಬಿಣದ್ದು ಬೇಡ, ಮರದ್ದೋ ಸ್ಟೀಲಿನದ್ದೋ ಇರಲಿ. ಚೊಗರಿನ ಬಟ್ಟೆಗಂತೂ ಕಬ್ಬಿಣದ ಬಳೆ ಹಾಕಲೇಬೇಡಿ. ತುಕ್ಕು ತಾಗಿದ ಕಡೆ ಕಪ್ಪು ಕಲೆ ಬಂದೇ ಬರುತ್ತದೆ, ಕಾರಣ ಮೇಲೆ ಹೇಳಿದ್ದೇ. ಗೋಡೆಗೆ ವಾಲ್‌ಪೇಪರ್ ಯೋಚನೆ ಇದ್ದರೆ ಬಿಡಿ, ಒಂದು ಮಳೆಗಾಲಕ್ಕೆ ಏಳುತ್ತದೆ. ಅದರ ಬದಲು ಮುಂಡಿಗೆ (ಕೇದಗೆ ಜಾತಿಯ ಗಿಡ) ಎಲೆಯ ಚಾಪೆಯನ್ನು ಚೌಕಟ್ಟಿಗೆ ಕಟ್ಟಿ ತೂಗುಹಾಕಿ. ಬಿಸಿಲು ಬಂದಾಗ ಇಳಿಸಿ ಒಣಗಿಸಬಹುದು.

ನೂಲಿನ ವಿಷಯದಲ್ಲೂ ಊರಿನದೊಂದು ಕತೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಧಾರವಾಡ ಸೀಮೆಯ ನಾಟಿ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹಾಗಾಗಿ ಇಂಗ್ಲೆಂಡಿನ ಪೇಟೆಯಲ್ಲೂ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಭಾರತದ ಹತ್ತಿಗೆ ಭಾರೀ ಬೇಡಿಕೆ ಬಂತು, ಕುಮಟಾಕ್ಕೂ ಅದರ ಪಾಲು ಸಿಕ್ಕಿತು. ರೈಲು ಬಂದ ಮೇಲೆ ಹತ್ತಿಯ ದಾರಿಯೇ ಬದಲಾಯಿತು. ಆ ಜಾತಿಯ ನಾಟಿ ಹತ್ತಿ, ಜಯಧರ ಅನ್ನುವ ತಳಿ, ಧಾರವಾಡ ಕಡೆ ಇದೆ. ಎಳೆ ಗಿಡ್ಡ, ನೂಲು ದಪ್ಪ. ನವಿರಾದ ಅಂಗಿಗೆ ಆಗುವುದಿಲ್ಲ ಅಂತ ಅದನ್ನು ಮೂಲೆಗೆ ತಳ್ಳಿದ್ದಾರೆ. ಆದರೆ ನೆಲಹಾಸು, ದಿವಾನದ ಹಾಸು, ಒರಟು ಕುಶನ್ ಬಟ್ಟೆಗೆ ದಪ್ಪ ನೂಲೇ ಬೇಕಲ್ವಾ? ನಿಮ್ಮ ಮನೆಬಟ್ಟೆಯನ್ನು ಇದರಲ್ಲಿ ನೇಯಿಸಿ, ಚೊಗರು ಹಾಕಿ, ತುಕ್ಕಿನ ಅಚ್ಚು ಒತ್ತಿದರೆ ಕುಮಟಾ, ಶಿರಸಿ, ಕಾರವಾರ ಮೂರೂ ಒಂದೇ ಬಟ್ಟೆಯಲ್ಲಿ ಬಂದ ಹಾಗಾಯಿತು. ಒಂದೂ ತೆಂಗಿನಮರ ಇಲ್ಲದೆ.

ಸಮಯ ಇದ್ದರೆ ಮುಂಡಗೋಡದ ಟಿಬೆಟನ್ ಕ್ಯಾಂಪಿಗೂ ಹೋಗಿಬನ್ನಿ. 1966ರಲ್ಲಿ ನೆಲೆಯಾದವರು ಅವರು, ಕಾರ್ಪೆಟ್ ನೇಯ್ಗೆಯನ್ನು ಜೊತೆಗೇ ತಂದರು. ಉಣ್ಣೆ ದಾರವನ್ನು ಒಂದು ಕಡ್ಡಿಗೆ ಸುತ್ತುತ್ತಾ ಹೋಗಿ, ಸಾಲು ಮುಗಿದ ಮೇಲೆ ಕತ್ತರಿಸಿ ಕಡ್ಡಿ ಬಿಡಿಸುತ್ತಾರೆ. ನಮ್ಮ ಹವೆಗೆ ಉಣ್ಣೆ ಸರಿಯಲ್ಲ, ಆದರೆ ಆ ಕಡ್ಡಿಯ ಉಪಾಯವನ್ನು ದಪ್ಪ ಹತ್ತಿಯಲ್ಲಿ ಮಾಡಿ ನೋಡಬಹುದು. ನಾನಿನ್ನೂ ಮಾಡಿಲ್ಲ. ನೀವು ಮಾಡಿದರೆ ಇಲ್ಲೇ ಬರೆದು ತಿಳಿಸಿ.

ಚೊಗರು ವರ್ಷವಿಡೀ ಸಿಗುವುದಿಲ್ಲ. ಹಸಿ ಅಡಿಕೆ ಕೊಯ್ಲು ಶುರುವಾಗಬೇಕು, ಹಾಗಾಗಿ ದೀಪಾವಳಿ ರಜೆ ಮುಗಿಸಿ ಹೋಗುವ ಮೊದಲು ಒಮ್ಮೆ ಘಟ್ಟ ಹತ್ತಿ ಬನ್ನಿ. ಅಡಿಕೆ ಬೇಯಿಸುವ ಯಾವ ಮನೆಯಲ್ಲಿ ಕೇಳಿದರೂ ಒಂದು ಕ್ಯಾನು ಕೊಟ್ಟಾರು, ಚಹಾ ಕುಡಿಸದೆ ಕಳಿಸಲಾರರು. ಡಬ್ಬಿ ಸ್ಟೀಲಿನದ್ದೋ ಪ್ಲಾಸ್ಟಿಕ್‌ದ್ದೋ ತನ್ನಿ, ಕಬ್ಬಿಣದ ಡಬ್ಬಿ ಮಾತ್ರ ಬೇಡ. ಬಸ್ಸಿನಲ್ಲಿ ಮುಚ್ಚಳ ಬಿಗಿಯಾಗಿದೆಯಾ ಅಂತ ನೋಡಿಕೊಳ್ಳಿ. ಪಕ್ಕದವರ ಬಿಳಿ ಪಂಚೆಗೆ ಬಿದ್ದರೆ ಯಾವ ಸೋಪಿಗೂ ಹೋಗುವುದಿಲ್ಲ.