‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಒಂಬತ್ತನೇ ಕ್ಲಾಸಿನ ಹಳ್ಳಿ ಮಕ್ಕಳ ಬದುಕಿಗೆ ಹೇಗೆ ಕನೆಕ್ಟ್ ಮಾಡೋದು?

ಕನೆಕ್ಟ್ ಮಾಡಲು ಹೋಗಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ದಾವಣಗೆರೆ ಪಕ್ಕದ ಶಾಲೆ, ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು, ಲಂಡನ್ ಅವರಿಗೆ ದೂರ, ಅದಕ್ಕೇ ‘ಅವರವರ ಮನೆಯ ಉದಾಹರಣೆ ಕೊಟ್ಟು’ ಇದನ್ನು ಬರೆದ ಡಿಕನ್ಸ್‌ನನ್ನು ಹತ್ತಿರ ತರಬೇಕು ಅಂತ ಬರೆದಿದ್ದೀರಿ. ಮೂಲ ಓದಿಸಲಾ, ಸಂಕ್ಷಿಪ್ತ ಓದಿಸಲಾ, ಸಿನಿಮಾ ತೋರಿಸಲಾ ಅಂತಲೂ ಕೇಳಿದ್ದೀರಿ. ಆ ಕೊನೆಯ ಮೂರು ಪ್ರಶ್ನೆ ಸಣ್ಣವು. ಆದರೆ ‘ಅವರವರ ಮನೆಯ ಉದಾಹರಣೆ’ ಅನ್ನೋದು ಓದಿ ಎದೆ ಧಸಕ್ ಅಂತು. 2009ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ.

ನನ್ನದು ಚಳ್ಳಕೆರೆ ಕಡೆಯ ಹೈಸ್ಕೂಲು. ಸುತ್ತ ಶೇಂಗಾ ಹೊಲ, ಕುರಿ ಹಟ್ಟಿ. ಅರ್ಧ ಮಕ್ಕಳಿಗೆ ಮನೆಯಲ್ಲಿ ತೆಲುಗು, ಆಟಕ್ಕೆ ಕನ್ನಡ, ಪುಸ್ತಕದಲ್ಲಿ ಮಾತ್ರ ಇಂಗ್ಲಿಷು. ಸಿಲಬಸ್ಸಿನಲ್ಲಿ ಕಾದಂಬರಿ ಏನೂ ಇರಲಿಲ್ಲ. ಶನಿವಾರ ಬೆಳಗಿನ ಲೈಬ್ರರಿ ಪಿರಿಯಡ್ ಯಾರಿಗೂ ಬೇಡದ ಕೂಸಾಗಿತ್ತು, ಅದನ್ನು ನಾನು ಇಸಕೊಂಡೆ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ 11 ಪ್ರತಿ ತಂದೆ. ಕ್ಲಾಸಿನಲ್ಲಿ 44 ಮಕ್ಕಳು. ನಾಲ್ಕು ಜನಕ್ಕೆ ಒಂದು ಪುಸ್ತಕ.

ವಾರಕ್ಕೊಂದೇ ಪಿರಿಯಡ್ ಆಗಿದ್ದು ಒಳ್ಳೆಯದೇ ಆಯಿತು. ಈ ಕಾದಂಬರಿ ಮೊದಲು ಬಂದಿದ್ದೇ ವಾರಪತ್ರಿಕೆಯಲ್ಲಿ, ಧಾರಾವಾಹಿಯಾಗಿ, 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ. ಸುಧಾ, ತರಂಗದಲ್ಲಿ ‘ಮುಂದುವರಿಯುವುದು’ ಅಂತ ಹಾಕುತ್ತಾರಲ್ಲ, ಹಾಗೆ. ನಾನೂ ಸರಿಯಾದ ಜಾಗ ನೋಡಿ ಪುಸ್ತಕ ಮುಚ್ಚುತ್ತಿದ್ದೆ. ಮಕ್ಕಳು ‘ಸಾರ್ ಸಾರ್’ ಅಂತ ಸ್ಟಾಫ್ ರೂಮಿನವರೆಗೂ ಬರುತ್ತಿದ್ದರು.

ಮೊದಲನೇ ಅಧ್ಯಾಯ ನಿಮಗೆ ಗೊತ್ತೇ ಇದೆ. ಅಪ್ಪ ಅಮ್ಮ ಇಲ್ಲದ ಪಿಪ್ ಸ್ಮಶಾನದಲ್ಲಿ ಒಬ್ಬನೇ ನಿಂತಿದ್ದಾನೆ. ಕಾಲಿಗೆ ಬೇಡಿ ಹಾಕಿದ ಕೈದಿಯೊಬ್ಬ ಎದ್ದು ಬಂದು, ಹುಡುಗನನ್ನು ತಲೆಕೆಳಗು ಮಾಡಿ ಜೇಬು ಉದುರಿಸಿ, ಊಟ ತಾ, ಫೈಲ್ ತಾ ಅನ್ನುತ್ತಾನೆ. ಇಲ್ಲೇ ನನ್ನ ಕ್ಲಾಸು ಗೊಂದಲಕ್ಕೆ ಬಿತ್ತು. ಕಳ್ಳನಿಗೆ ಫೈಲ್ ಯಾಕೆ? ಪ್ರಾಜೆಕ್ಟ್ ಹಾಳೆ ಹಾಕೋ ಪ್ಲಾಸ್ಟಿಕ್ ಫೈಲಾ? ಒಬ್ಬಳು, ‘ಕೋರ್ಟಿನ ಫೈಲ್ ಇರಬೇಕು ಸಾರ್, ಅವನ ಕೇಸಿಂದು’ ಅಂದಳು. ಅವಳ ತರ್ಕಕ್ಕೆ ನಾನೂ ತಲೆದೂಗಿದೆ.

ಆಗ ಮೂರನೇ ಬೆಂಚಿನ ಹುಡುಗ ಒಬ್ಬ ಮೆಲ್ಲಗೆ ಹೇಳಿದ: ‘ಸಾರ್, ಅದು ಅರ ಇರ್ಬೇಕು. ಕಬ್ಬಿಣ ಉಜ್ಜಿ ಕೊಯ್ಯೋದು.’

ಸೋಮವಾರ ಅವನು ಗೋಣಿ ತುಂಡಿನಲ್ಲಿ ಸುತ್ತಿಕೊಂಡು ಒಂದು ಅರ ತಂದ. ಅವನ ಅಪ್ಪ ಕಮ್ಮಾರ, ಊರ ಹೊರಗೆ ಕುಲುಮೆ. ಒಂದು ಹಳೇ ಬೋಲ್ಟಿನ ಮೇಲೆ ಅರ ಆಡಿಸಿ ತೋರಿಸಿದ. ಕ್ಲಾಸಿಗೆ ಕ್ಲಾಸೇ ಹಲ್ಲು ಜುಂ ಅಂತ ಕಿವಿ ಮುಚ್ಚಿಕೊಂಡಿತು. ಬೇಡಿ ಕೊಯ್ಯೋಕೆ ಎಷ್ಟು ಹೊತ್ತು ಬೇಕು, ಕೈಗೆ ಎಲ್ಲಿ ಬೊಬ್ಬೆ ಬರುತ್ತೆ, ಎಲ್ಲ ಹೇಳಿದ. ಪಿಪ್‌ನನ್ನು ಸಾಕುವ ಅವನ ಅಕ್ಕನ ಗಂಡ ಜೋ ಗಾರ್ಜರಿ ಕೂಡ ಕಮ್ಮಾರನೇ, ಪಿಪ್ ಆ ಅರ ಕದಿಯೋದೇ ಅವನ ಕುಲುಮೆಯಿಂದ. ಅವತ್ತಿನಿಂದ ತಿದಿ, ಕಬ್ಬಿಣ ಬಡಿಯೋ ಅಡಿಗಲ್ಲು, ಇಕ್ಕಳ ಎಲ್ಲದಕ್ಕೂ ಈ ಹುಡುಗನೇ ನಮಗೆ ಡಿಕ್ಷನರಿ. ಇಂಗ್ಲಿಷಿನಲ್ಲಿ 35 ದಾಟದವನು ಪ್ರತಿ ಶನಿವಾರ ಮೊದಲು ಕೈ ಎತ್ತುತ್ತಿದ್ದ.

ಇನ್ನೊಂದು ಸಂಗತಿ ಹೇಳಲೇಬೇಕು. ಏಳನೇ ಅಧ್ಯಾಯದಲ್ಲಿ ಪಿಪ್ ಸ್ಲೇಟಿನ ಮೇಲೆ ಜೋಗೆ ಕಾಗದ ಬರೆಯುತ್ತಾನೆ. ಎಲ್ಲ ತಪ್ಪು ಸ್ಪೆಲಿಂಗು, ‘ಯು ಆರ್’ ಅನ್ನೋಕೆ ಎರಡೇ ಅಕ್ಷರ. ನೋಡಿದ ತಕ್ಷಣ ಮಕ್ಕಳು, ‘ಸಾರ್, ಎಸ್ಸೆಮ್ಮೆಸ್ಸು!’ ಅಂತ ಕೂಗಿದರು. ಜೋಗೆ ಅದರಲ್ಲಿ ತನ್ನ ಹೆಸರಿನ ಎರಡು ಅಕ್ಷರ ಬಿಟ್ಟು ಬೇರೇನೂ ಓದೋಕೆ ಬರಲ್ಲ, ಆದರೂ ಎಂಥಾ ಪಂಡಿತ ನೀನು ಅಂತ ಹುಡುಗನನ್ನು ಹೊಗಳುತ್ತಾನೆ. ತಪ್ಪು ಇಂಗ್ಲಿಷಿಗೆ ಬೈಸಿಕೊಂಡೇ ಬೆಳೆದ ಮಕ್ಕಳು ಅಚ್ಚಾದ ಪುಸ್ತಕದಲ್ಲಿ ತಪ್ಪು ಇಂಗ್ಲಿಷ್ ನೋಡಿದಾಗ ಅವರ ಮುಖ ನೋಡಬೇಕಿತ್ತು ನೀವು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ನಾನು ಕೆಡಿಸಿದೆ.

27ನೇ ಅಧ್ಯಾಯ. ಯಾರದೋ ದುಡ್ಡಿನಲ್ಲಿ ಪಿಪ್ ಲಂಡನ್ ಸೇರಿ ಜಂಟಲ್‌ಮನ್ ಆಗಿದ್ದಾನೆ. ಜೋ ನೋಡೋಕೆ ಬರುತ್ತಾನೆ. ಪಿಪ್‌ಗೆ ಖುಷಿಯಿಲ್ಲ, ದುಡ್ಡು ಕೊಟ್ಟು ಅವನನ್ನು ದೂರ ಇಡೋ ಹಾಗಿದ್ದರೆ ಕೊಟ್ಟೇ ಬಿಡುತ್ತಿದ್ದೆ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಜೋ ತಾನು ಸಾಕಿದ ಹುಡುಗನನ್ನೇ ‘ಸರ್’ ಅನ್ನುತ್ತಾನೆ. ಟೋಪಿ ಎಲ್ಲಿಡಬೇಕು ಅಂತ ಗೊತ್ತಾಗದೆ ಒಲೆಯ ಮೇಲಿನ ಅಂಚಿನಲ್ಲಿಡುತ್ತಾನೆ, ಅದು ಮತ್ತೆ ಮತ್ತೆ ಬೀಳುತ್ತದೆ. ಹೊರಡುವಾಗ, ಒಬ್ಬ ಕಬ್ಬಿಣದ ಕೆಲಸದವ, ಒಬ್ಬ ಚಿನ್ನದ ಕೆಲಸದವ, ಒಬ್ಬ ತಾಮ್ರದ ಕೆಲಸದವ, ಬೇರೆ ಬೇರೆ ಆಗಲೇಬೇಕಲ್ಲ ಅನ್ನೋ ಅರ್ಥದ ಮಾತಾಡುತ್ತಾನೆ. ಕಮ್ಮಾರ, ಅಕ್ಕಸಾಲಿ, ಕಂಚುಗಾರ. ನಮ್ಮೂರ ಬೀದಿಗಳ ಹೆಸರು ಹೇಳಿದಂಗೆ ಇತ್ತು.

ಓದಿ ಮುಗಿಸಿದಾಗ ಕ್ಲಾಸು ಪಿನ್‌ಡ್ರಾಪ್. ಅಲ್ಲಿಗೆ ಬೆಲ್ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಇನ್ನೂ ಹತ್ತು ನಿಮಿಷ ಇತ್ತು. ಬಿ.ಎಡ್‌ನಲ್ಲಿ ಕಲಿತಿದ್ದು ತಲೆಗೆ ಬಂತು. ಪಾಠವನ್ನು ಮಗುವಿನ ಅನುಭವಕ್ಕೆ ಜೋಡಿಸಬೇಕು. ಆ ಹುಡುಗನನ್ನು ಎಬ್ಬಿಸಿದೆ. ‘ನೋಡಪ್ಪಾ, ನಿಂಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ತು ಅಂತಿಟ್ಕೋ. ಹಾಸ್ಟೆಲಿಗೆ ನಿಮ್ಮಪ್ಪ ಬಂದ್ರು, ಪಂಚೆ ಉಟ್ಕೊಂಡು, ಕೈಯೆಲ್ಲ ಮಸಿ. ಫ್ರೆಂಡ್ಸು ಯಾರೋ ಇವ್ರು ಅಂದ್ರೆ ಏನಂತೀಯ?’

ಅವನು ಸುಮ್ಮನೆ ನಿಂತ. ಯೋಚನೆ ಮಾಡ್ತಿದ್ದಾನೆ ಅಂದುಕೊಂಡು ನಾನೂ ಕಾದೆ. ಹಿಂದಿನ ಬೆಂಚಿಂದ ಯಾವನೋ, ‘ಹಾಸ್ಟೆಲ್ ಗೇಟ್ ರಿಪೇರಿಗೆ ಬಂದವ್ರು ಅಂತಾನೆ ಸಾರ್!’ ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಜೋರಾಗಿ ಅಲ್ಲ, ತುಟಿ ಅಂಚಲ್ಲಿ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಜಾಸ್ತಿ ಆಯ್ತು ಅನಿಸಿದರೂ ಓದಿ. ಯಾಕಂದರೆ ಮೇಲ್ನೋಟಕ್ಕೆ ಇದು ಒಳ್ಳೆಯ ಪಾಠದ ಹಾಗೇ ಕಾಣುತ್ತದೆ. ಇನ್ಸ್‌ಪೆಕ್ಷನ್ನಿಗೆ ಬಂದವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಜೋ ಬಂದ ದಿನದ ನಾಚಿಕೆಯನ್ನು ಪಿಪ್ ಆವಾಗಲೇ ಯಾರಿಗೂ ಹೇಳಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ, ದೊಡ್ಡವನಾಗಿ, ಓದುಗರಿಗೆ ಹೇಳುತ್ತಿದ್ದಾನೆ. ಇಡೀ ಕಾದಂಬರಿ ನಿಂತಿರೋದೇ ಅದರ ಮೇಲೆ. ಅವನಿಗೆ ಅಷ್ಟು ವರ್ಷ ಬೇಕಾಯಿತು. ನಾನು ಹದಿನಾಲ್ಕು ವರ್ಷದ ಹುಡುಗನಿಗೆ ಹತ್ತು ನಿಮಿಷ ಕೊಟ್ಟೆ, ಅದೂ 43 ಜನರ ಎದುರು. ಇನ್ನು ನನ್ನ ಪ್ರಶ್ನೆಯಾದರೂ ಎಂಥದ್ದು? ‘ನಮ್ಮಪ್ಪ ಅಂತೀನಿ’ ಅಂದರೆ, ಹಾಗೆ ಹೇಳೋಕೂ ಧೈರ್ಯ ಬೇಕು ಅನ್ನೋದನ್ನು ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ಅಪ್ಪನನ್ನು ಮಾರಿಕೊಂಡ ಹಾಗೆ. ಅವತ್ತಿನವರೆಗೆ ಅವನಿಗೆ ಅಪ್ಪನ ಬಗ್ಗೆ ನಾಚಿಕೆ ಇತ್ತು ಅನ್ನೋದಕ್ಕೆ ನನ್ನ ಹತ್ತಿರ ಏನು ಸಾಕ್ಷಿ ಇತ್ತು? ಅರ ತಂದು ಹೆಮ್ಮೆಯಿಂದ ತೋರಿಸಿದವನು ಅವನು. ನಾಚಿಕೆ ಪಡಬೇಕಾದ ವಿಷಯ ಇದು ಅಂತ ಹೇಳಿಕೊಟ್ಟವನು ನಾನು.

ಇನ್ನೂ ಒಂದಿದೆ. ಜೋನ ಊರಲ್ಲಿ ಕಮ್ಮಾರಿಕೆ ಅಂದರೆ ಕಸುಬು. ಶ್ರೀಮಂತೆ ಮಿಸ್ ಹ್ಯಾವಿಶಮ್ 25 ಗಿನಿ ಕೊಟ್ಟು ಪಿಪ್‌ನನ್ನು ಅವನ ಹತ್ತಿರವೇ ಕಲಿಯಲು ಸೇರಿಸುತ್ತಾಳೆ. ನಮ್ಮಲ್ಲಿ ಆ ಹೆಸರಿಗೆ ಕಸುಬಿಗಿಂತ ಜಾಸ್ತಿ ಅರ್ಥ ಇದೆ, ಅದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಬೆಂಚಿನ ನಗುವಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಪುಸ್ತಕ ಇಂಗ್ಲಿಷಿನದು ಅಂತ ಮರೆತಿದ್ದೆ ಅಷ್ಟೇ.

ಸೋಮವಾರದಿಂದ ಅವನ ಹೆಸರು ‘ಜೋ’ ಆಯಿತು. ಗುರುವಾರದಿಂದ ಅವನು ಬರಲಿಲ್ಲ.

ಒಂಬತ್ತನೇ ದಿನ ಕುಲುಮೆಗೆ ಹೋದೆ. ಅವರಪ್ಪ ನನ್ನನ್ನು ಕಂಡವರೇ ಎದ್ದು ನಿಂತು, ‘ಬನ್ನಿ ಸಾ, ನಮ್ ಹುಡ್ಗ ಏನ್ ತಪ್ ಮಾಡ್ದ ಸಾ?’ ಅಂದರು. ಇದ್ದ ಒಂದು ಸ್ಟೂಲನ್ನು ಒರೆಸಿ ನನಗೆ ಕೊಟ್ಟರು. ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದರು, ಅಡಿಗಲ್ಲಿನ ಮೇಲಿಟ್ಟರು, ಜಾರಿ ಬಿತ್ತು, ಎತ್ತಿ ಮತ್ತೆ ಕೈಯಲ್ಲೇ ಹಿಡಿದರು. ಲಂಡನ್ನಿನ ಆ ಟೋಪಿ ನನ್ನ ಕಣ್ಣೆದುರೇ ಬೀಳುತ್ತಿತ್ತು. ಹುಡುಗ ಬಾಗಿಲ ಮರೆಯಲ್ಲಿದ್ದ, ಕಾಲು ಕಾಣುತ್ತಿತ್ತು. ಮನೆಯಲ್ಲಿ ಹೊಟ್ಟೆನೋವು ಅಂತ ಹೇಳಿದ್ದನಂತೆ.

‘ತಪ್ಪು ಅವನದಲ್ಲ ಆಚಾರ್ರೇ, ನಂದು’ ಅಂದೆ. ಪೂರ್ತಿ ಹೇಳೋಕೆ ಬಾಯಿ ಬರಲಿಲ್ಲ. ಅವರೂ ಕೇಳಲಿಲ್ಲ. ಟೀ ತರಿಸಿದರು. ಆಮೇಲೆ ಕೇಳಿದರು: ‘ಅದೇನೋ ಕಳ್ಳನ ಬೇಡಿ ಕೊಯ್ದ ಕಥೆ ಅಂತಲ್ಲ ಸಾ. ಅದ್ರಾಗೆ ನಮ್ಮಂಗೆ ಒಬ್ಬ ಕಮ್ಮಾರ ಇದಾನಂತೆ. ವಾರ ವಾರ ರಾತ್ರಿ ಹೇಳ್ತಿದ್ದ. ಈಗ ಹೇಳವಲ್ಲ. ಮುಂದೇನಾಯ್ತು?’

ಅಲ್ಲೇ ಕೂತು ಹೇಳಿದೆ, ಕ್ಲಾಸಿನಲ್ಲಿ ಇನ್ನೂ ಓದದೇ ಇದ್ದಿದ್ದನ್ನೂ. ಪಿಪ್‌ಗೆ ದುಡ್ಡು ಕೊಟ್ಟವನು ಆ ಕೈದಿಯೇ ಅಂತ ಗೊತ್ತಾಗೋದು, ಆ ದುಡ್ಡೂ ಹೋಗೋದು, ಪಿಪ್ ಸಾಲದಲ್ಲಿ ಮುಳುಗಿ ಜ್ವರ ಬಂದು ಮಲಗೋದು. ಜೋ ಬಂದು ಮಗುವಿನ ಹಾಗೆ ಆರೈಕೆ ಮಾಡಿ, ಅವನು ಎದ್ದು ಓಡಾಡುವ ಹಾಗಾದ ಮೇಲೆ, ಹೇಳದೆ ಕೇಳದೆ ಬೆಳಗಾಗೋದರಲ್ಲಿ ಹೊರಟುಹೋಗೋದು. ಒಂದು ಚೀಟಿ, ಅದರೊಳಗೆ ಸಾಲ ತೀರಿಸಿದ ರಸೀದಿ.

‘ಎಷ್ಟಿತ್ತು ಸಾಲ?’

‘ನೂರಾ ಇಪ್ಪತ್ತಮೂರು ಪೌಂಡು ಚಿಲ್ಲರೆ. ಆ ಕಾಲಕ್ಕೆ ಭಾರೀ ದುಡ್ಡು.’

‘ಯಾರಿಗೆ ಕೊಡ್ಬೇಕಿತ್ತು?’

‘ಒಡವೆ ಅಂಗಡಿಯವನಿಗೆ.’

‘ಅಕ್ಕಸಾಲಿ ಸಾಲಾನಾ?’ ಅಂತ ಜೋರಾಗಿ ನಕ್ಕರು. ‘ಅಕ್ಕಸಾಲಿ ಸಾಲ ಕಮ್ಮಾರ ತೀರ್ಸಿದ್ನಾ! ಭೇಷ್!’ ಬಾಗಿಲ ಮರೆಯ ಕಾಲು ಒಂದು ಹೆಜ್ಜೆ ಮುಂದೆ ಬಂದಿತ್ತು.

ಹುಡುಗ ವಾಪಸ್ ಬಂದ. ಹತ್ತನೇ ಕ್ಲಾಸೂ ಪಾಸಾದ. ಆದರೆ ನನ್ನ ಪಿರಿಯಡ್‌ನಲ್ಲಿ ಮತ್ತೆ ಕೈ ಎತ್ತಲಿಲ್ಲ. ಒಂದೇ ಒಂದು ಸಲವೂ.

ಅದಕ್ಕೇ ಹೇಳೋದು, ಲಂಡನ್ ದೂರ ಇದ್ದರೆ ಇರಲಿ. ಆ ದೂರದ ಮರೆಯಲ್ಲಿ ನಿಂತು ಮಗು ತನ್ನ ಮನೆಯನ್ನು ತಾನೇ ನೋಡಿಕೊಳ್ಳುತ್ತದೆ, ಯಾರಿಗೂ ಗೊತ್ತಾಗದ ಹಾಗೆ. ಎಂಟನೇ ಅಧ್ಯಾಯದಲ್ಲಿ ಇಸ್ಪೀಟು ಆಡುವಾಗ ಗುಲಾಮನಿಗೆ ಪಿಪ್ ಬೇರೆ ಹೆಸರು ಹೇಳಿದ ಅಂತ ಮಿಸ್ ಹ್ಯಾವಿಶಮ್ ಸಾಕಿದ ಹುಡುಗಿ ಎಸ್ಟೆಲ್ಲಾ ನಗುತ್ತಾಳೆ, ಅವನ ಒರಟು ಕೈ, ದಪ್ಪ ಬೂಟು ನೋಡಿ ಆಡಿಕೊಳ್ಳುತ್ತಾಳೆ. ಅದನ್ನು ನಿಧಾನಕ್ಕೆ ಓದಿ ಸುಮ್ಮನಾಗಿಬಿಡಿ. ‘ನಿಮಗೂ ಹೀಗೆ ಆಗಿದೆಯಾ?’ ಅಂತ ಮಾತ್ರ ಕೇಳಬೇಡಿ. ಕೇಳಲೇಬೇಕು ಅಂದರೆ ಪಿಪ್ ಬಗ್ಗೆ ಕೇಳಿ, ಜೋ ಬಗ್ಗೆ ಕೇಳಿ. ‘ಆ ಟೋಪಿ ಯಾಕೆ ಬೀಳ್ತಾನೇ ಇದೆ?’ ಅಂತ ಕೇಳಿದರೆ ಸಾಕು, ಗಂಟೆಗಟ್ಟಲೆ ಮಾತಾಡುತ್ತಾರೆ.

ಉಳಿದ ಪ್ರಶ್ನೆಗಳು. 59 ಅಧ್ಯಾಯ ಇದೆ, ಎಲ್ಲ ಓದಿಸೋಕೆ ಆಗಲ್ಲ. 1, 7, 8, 27, 39, 57 ಮೂಲದಲ್ಲೇ ಗಟ್ಟಿಯಾಗಿ ಓದಿ, ನೀವೇ ಓದಿ. ಮಧ್ಯದ್ದನ್ನು ಕನ್ನಡದಲ್ಲಿ ಕಥೆ ಹೇಳಿ, ಮ್ಯಾನೇಜ್‌ಮೆಂಟಿನವರು ಕಿಟಕಿ ಹತ್ತಿರ ಬಂದಾಗ ಇಂಗ್ಲಿಷಿಗೆ ತಿರುಗಿ. ಸಂಕ್ಷಿಪ್ತ ಪ್ರತಿಗಳಲ್ಲಿ ಮೊದಲು ಕತ್ತರಿ ಬೀಳೋದು ಟೋಪಿಯಂಥ ಸಣ್ಣ ಸಂಗತಿಗೇ, ನನಗೆ ಅವು ಆಗಿಬರಲ್ಲ. ಡೇವಿಡ್ ಲೀನ್‌ನ 1946ರ ಕಪ್ಪು ಬಿಳುಪು ಸಿನಿಮಾದ ಸ್ಮಶಾನದ ದೃಶ್ಯ ತೋರಿಸಿ, ಆದರೆ ಓದಿದ ಮೇಲೆ.

ಹಾಂ, ಅರ ಬೇಕೇ ಬೇಕು. ಅದಿಲ್ಲದೆ ಮೊದಲನೇ ಅಧ್ಯಾಯ ಅರ್ಥ ಆಗಲ್ಲ. ಯಾವ ಮಗುವಿನ ಮನೆಯಿಂದಲೂ ತರಿಸಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ನನ್ನದು ಟೇಬಲ್ಲಿನ ಡ್ರಾಯರಿನಲ್ಲಿ ಇದೆ, ಜೊತೆಗೊಂದು ಹಳೇ ಬೋಲ್ಟು.